ಬೆಂಕಿ ಬೀಳದಿದ್ದರೆ ತಪ್ಪಿಲ್ಲವೇ?

ಒಂದು ತಪ್ಪು ಯಾವಾಗ ತಪ್ಪೆನಿಸಿಕೊಳ್ಳುತ್ತದೆ? ಅದನ್ನು ಮಾಡಿದಾಗಲೋ, ಅದರಿಂದ ಯಾರಾದರೂ ಸತ್ತಾಗಲೋ? ಕಾಲೇಜಿನ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಒಂದು ತಾಸು ಚರ್ಚೆ ನಡೆಯುತ್ತದೆ. ಗಂಟೆ ಬಾರಿಸಿದ ಮೇಲೆ ಎಲ್ಲರೂ ಮರೆತು ಮನೆಗೆ ಹೋಗುತ್ತಾರೆ. ಇದೇ ಪ್ರಶ್ನೆಯನ್ನು ನಮ್ಮ ಊರಿನ ಯಾವುದಾದರೂ ಒಂದು ನರ್ಸಿಂಗ್ ಹೋಮ್‌ನ ಸ್ಟೋರ್ ರೂಮಿನ ಮುಂದೆ ನಿಂತು ಕೇಳಿಕೊಂಡರೆ ಅಷ್ಟು ಸುಲಭವಾಗಿ ಮರೆಯಲಾಗದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಬದುಕುವವರಿಗೆ ನರ್ಸಿಂಗ್ ಹೋಮ್ ಹೊಸದಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ, ಪೇಟೆಯ ಓಣಿಗಳಲ್ಲಿ ಇಂಥ ದವಾಖಾನೆಗಳು ಎದ್ದಿವೆ. ಇವುಗಳಲ್ಲಿ ಎಷ್ಟೋ ಮೊದಲು ವಾಸದ ಮನೆಗಳಾಗಿದ್ದವು. ಕೆಳಗೆ ಔಷಧಿ ಅಂಗಡಿ, ಅದರ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಹತ್ತು ಹದಿನೈದು ಹಾಸಿಗೆ. ಹೆರಿಗೆಗೆ ಬಂದವಳು, ಹರ್ನಿಯಾ ಆಪರೇಷನ್ ಆದ ಮುದುಕ, ಜ್ವರದಿಂದ ಒದ್ದಾಡುವ ಮಗು, ಅವರವರ ಮಂದಿ, ಮಂದಿ ತಂದ ಬುತ್ತಿ. ಈ ಎಲ್ಲದರ ನಡುವೆ ಯಾರ ಕಣ್ಣಿಗೂ ಬೀಳದ ಒಂದು ಕೋಣೆ ಇರುತ್ತದೆ. ಅದು ಮೆಟ್ಟಿಲ ಕೆಳಗೋ, ವಾರ್ಡಿನ ತುದಿಗೋ, ಆಪರೇಷನ್ ಕೋಣೆಯ ಬೆನ್ನಿಗೋ ಇರುತ್ತದೆ.

ಆ ಕೋಣೆಯಲ್ಲಿ ಏನೇನಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಹತ್ತಿಯ ಸುರುಳಿ, ಬ್ಯಾಂಡೇಜು ಬಟ್ಟೆ, ಸಲೈನ್ ಬಾಟಲಿಗಳ ರಟ್ಟಿನ ಡಬ್ಬಿಗಳು, ಸ್ಪಿರಿಟ್ಟು, ಸ್ಯಾನಿಟೈಸರಿನ ಕ್ಯಾನು, ಹರಿದ ಫೋಮಿನ ಗಾದಿಗಳು, ಹತ್ತು ವರ್ಷದ ಕೇಸ್ ಪೇಪರುಗಳು, ಕೆಟ್ಟುಹೋದ ಏಸಿ, ಜನರೇಟರಿಗೆಂದು ತಂದ ಡೀಸೆಲ್, ಮೂಲೆಯಲ್ಲಿ ಒಂದೆರಡು ಆಕ್ಸಿಜನ್ ಸಿಲಿಂಡರು. ಮೇಲೆ ಒಂದು ಹಳೆಯ ವೈರಿಗೆ ತೂಗುಬಿದ್ದ ಬಲ್ಬು. ಒಂದೊಂದಾಗಿ ನೋಡಿದರೆ ಇವೆಲ್ಲ ರೋಗಿಯನ್ನು ಬದುಕಿಸಲು ಬೇಕಾದ ವಸ್ತುಗಳೇ. ಒಂದೇ ಕೋಣೆಯಲ್ಲಿ ಒಟ್ಟುಗೂಡಿಸಿದರೆ ಮಾತ್ರ ಚಿತೆಗೆ ಬೇಕಾದುದೆಲ್ಲ ಅಲ್ಲಿರುತ್ತದೆ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ ನಿಜ, ಆದರೆ ಉರಿಯುವುದನ್ನು ಹಲವು ಪಟ್ಟು ಉರಿಸುತ್ತದೆ.

ಇಪ್ಪತ್ತು ವರ್ಷದಿಂದ ಇಂಥ ಕೋಣೆಯನ್ನು ಇಟ್ಟುಕೊಂಡ ಒಂದು ನರ್ಸಿಂಗ್ ಹೋಮ್ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಕಿಡಿಯೂ ಬಿದ್ದಿಲ್ಲ. ಸಾವಿರಾರು ಜನ ಗುಣವಾಗಿ ಮನೆಗೆ ಹೋಗಿದ್ದಾರೆ. ಹಾಗಾದರೆ ಆ ಡಾಕ್ಟರು, ಆ ಕಟ್ಟಡದ ಮಾಲೀಕ, ಪರವಾನಗಿ ಕೊಟ್ಟ ಅಧಿಕಾರಿ ತಪ್ಪು ಮಾಡಿದ್ದಾರೆಯೇ, ಇಲ್ಲವೇ?

ಕೋಲ್ಕತ್ತದಿಂದ ಜೈಪುರದವರೆಗೆ

2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದು ವಾರ್ಡಿನಲ್ಲಲ್ಲ, ನೆಲಮಾಳಿಗೆಯಲ್ಲಿ. ನಕ್ಷೆಯಲ್ಲಿ ಅದು ವಾಹನ ನಿಲ್ಲಿಸುವ ಜಾಗ, ಬಳಕೆಯಲ್ಲಿ ಉಗ್ರಾಣ. ಅದನ್ನು ಖಾಲಿ ಮಾಡಿರೆಂದು ಅಗ್ನಿಶಾಮಕ ಇಲಾಖೆ ಅದೇ ವರ್ಷ ಎಚ್ಚರಿಸಿತ್ತು. ಬೆಂಕಿ ಮೇಲಿನ ಮಹಡಿಗಳಿಗೆ ಹೋಗಲಿಲ್ಲ, ಹೊಗೆ ಹೋಯಿತು. ಏಸಿಯ ಕೊಳವೆಗಳ ಮೂಲಕ, ಮೆಟ್ಟಿಲ ದಾರಿಯ ಮೂಲಕ ಏರಿ, ಗಾಜಿನಿಂದ ಮುಚ್ಚಿದ ಕಟ್ಟಡದಲ್ಲಿ ಹೊರಹೋಗಲು ದಾರಿ ಕಾಣದೆ ವಾರ್ಡುಗಳಲ್ಲಿ ತುಂಬಿಕೊಂಡಿತು. ಸುಮಾರು 90 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸುಟ್ಟು ಸತ್ತವರಲ್ಲ, ಮಲಗಿದಲ್ಲೇ ಉಸಿರುಕಟ್ಟಿ ಸತ್ತವರು. ಕೇರಳದಿಂದ ಬಂದಿದ್ದ ಇಬ್ಬರು ಯುವ ನರ್ಸುಗಳು ತಮ್ಮ ವಾರ್ಡಿನ ಎಂಟು ಮಂದಿಯನ್ನು ಹೊರಸಾಗಿಸಿ, ಇನ್ನೊಬ್ಬ ರೋಗಿಗಾಗಿ ಒಳಗೆ ಉಳಿದು ಪ್ರಾಣ ಬಿಟ್ಟರು. ಪಕ್ಕದ ಕೊಳೆಗೇರಿಯ ಯುವಕರು ನೆರವಿಗೆ ಓಡಿಬಂದಾಗ ಕಾವಲುಗಾರರು ಮೊದಲು ಅವರನ್ನು ತಡೆದರೆಂಬ ವರದಿಗಳು ಆಗ ಬಂದಿದ್ದವು.

ಅದು ದೊಡ್ಡ ಆಸ್ಪತ್ರೆ, ನಮಗೂ ಅದಕ್ಕೂ ಏನು ಸಂಬಂಧ ಎನ್ನುವವರು ದೆಹಲಿಯ ವಿವೇಕ ವಿಹಾರವನ್ನು ನೆನೆಯಬೇಕು. 2024ರ ಮೇ 25ರ ರಾತ್ರಿ ಅಲ್ಲಿನ ಒಂದು ಚಿಕ್ಕ ಶಿಶು ಆಸ್ಪತ್ರೆಗೆ ಬೆಂಕಿ ಬಿದ್ದು, ಆಕ್ಸಿಜನ್ ಸಿಲಿಂಡರುಗಳು ಸಿಡಿದು ಕನಿಷ್ಠ ಆರು ನವಜಾತ ಶಿಶುಗಳು ಸತ್ತವು. ಐದು ಹಾಸಿಗೆಗಳಿಗೆ ಇದ್ದ ಪರವಾನಗಿಯ ಅವಧಿ ಮುಗಿದುಹೋಗಿತ್ತು. ಅದು ನಮ್ಮ ಪೇಟೆಯ ನರ್ಸಿಂಗ್ ಹೋಮ್‌ನಷ್ಟೇ ಚಿಕ್ಕದು. ಮರುವರ್ಷ, 2025ರ ಅಕ್ಟೋಬರ್ 5ರ ರಾತ್ರಿ, ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಟ್ರಾಮಾ ಕೇಂದ್ರದಲ್ಲಿ ಐಸಿಯುವಿನ ಸ್ಟೋರ್ ರೂಮಿನಿಂದ ಬೆಂಕಿ ಎದ್ದಿತು. ಅಲ್ಲಿದ್ದುದು ಕಾಗದ, ಐಸಿಯುವಿನ ಸಾಮಾನು, ರಕ್ತದ ಮಾದರಿಯ ಟ್ಯೂಬುಗಳು. ಕನಿಷ್ಠ ಆರು ಮಂದಿ ರೋಗಿಗಳು ತೀರಿಕೊಂಡರು. ಅಲ್ಲಿ ಬಾಂಬಿರಲಿಲ್ಲ, ಮದ್ದುಗುಂಡು ಇರಲಿಲ್ಲ. ನಮ್ಮ ಮೆಟ್ಟಿಲ ಕೆಳಗೆ ಇರುವುದೇ ಅಲ್ಲಿಯೂ ಇತ್ತು.

ಓಡಲಾರದವರ ಹಕ್ಕು

ಸಿನಿಮಾ ಮಂದಿರಕ್ಕೆ ಬೆಂಕಿ ಬಿದ್ದರೆ ಬಾಗಿಲು ತೆರೆದಿದ್ದರೆ ಜನ ಓಡುತ್ತಾರೆ. ಆಸ್ಪತ್ರೆಯಲ್ಲಿ ಬಾಗಿಲು ತೆರೆದಿದ್ದರೂ ರೋಗಿ ಓಡಲಾರ. ಒಬ್ಬನ ಕೈಗೆ ಸಲೈನ್, ಇನ್ನೊಬ್ಬಳ ಹೊಟ್ಟೆಗೆ ಆಗಷ್ಟೇ ಹಾಕಿದ ಹೊಲಿಗೆ, ಮತ್ತೊಬ್ಬರಿಗೆ ಅರಿವಳಿಕೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದಲ್ಲಿದ್ದ 17 ಕೂಸುಗಳಲ್ಲಿ 10 ಸತ್ತವು. ಅವಕ್ಕೆ ಹೊಗೆ ಎಂದರೇನೆಂದೇ ಗೊತ್ತಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಯಲ್ಲಿ ಬೆಳೆದಿದ್ದ ಮನೋರೋಗಿಗಳ ಆಶ್ರಯತಾಣವೊಂದರ ಗುಡಿಸಿಲಿಗೆ ಬೆಂಕಿ ಬಿದ್ದಾಗ 28 ಮಂದಿ ಸುಟ್ಟುಹೋದರು. ಅವರ ಕಾಲಿಗೆ ಸರಪಳಿ ಇತ್ತು. ಗುಣವಾಗಲೆಂದು ಮನೆಯವರೇ ತಂದು ಬಿಟ್ಟುಹೋಗಿದ್ದ ಜನ ಅವರು. ಸರಪಳಿ ಹಾಕಿದವನೂ ಅವರು ಕಳೆದುಹೋಗದಿರಲಿ ಎಂದೇ ಹಾಕಿದೆ ಎಂದು ಹೇಳಿರಬಹುದು. ಒಳ್ಳೆಯ ಉದ್ದೇಶಕ್ಕೆ ಬೆಂಕಿ ಸೋಲುವುದಿಲ್ಲ.

ಆಸ್ಪತ್ರೆಗಳಿಗೆ ಅಗ್ನಿಸುರಕ್ಷತೆಯ ನಿಯಮಗಳು ಬೇರೆ ಕಟ್ಟಡಗಳಿಗಿಂತ ಬಿಗಿಯಾಗಿರುವುದು ಇದೇ ಕಾರಣಕ್ಕೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 2016, ಆಸ್ಪತ್ರೆಯ ರೋಗಿಗಳನ್ನು ಮೆಟ್ಟಿಲಿಳಿಸಿ ಓಡಿಸುವ ಬದಲು ಅದೇ ಮಹಡಿಯ ಸುರಕ್ಷಿತ ಭಾಗಕ್ಕೆ ಹಾಸಿಗೆ ಸಮೇತ ಸರಿಸುವ ಉಪಾಯವನ್ನು ಹೇಳುತ್ತದೆ. ಹಾಗೆ ಸರಿಸಬೇಕಾದರೆ ನಡುವಿನ ಗೋಡೆ ಮತ್ತು ಬಾಗಿಲು ಬೆಂಕಿಯನ್ನೂ ಹೊಗೆಯನ್ನೂ ಅಷ್ಟು ಹೊತ್ತು ತಡೆಯಬೇಕು. ಅಂದರೆ ಓಡಲಾರದವನ ಪರವಾಗಿ ಗೋಡೆ ನಿಲ್ಲಬೇಕು, ಬಾಗಿಲು ನಿಲ್ಲಬೇಕು.

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಮುದುಕರನ್ನು ನೋಡಿಕೊಳ್ಳುವ ಮನೆ. ಅಲ್ಲಿನ ಜೀವಸುರಕ್ಷಾ ಸಂಹಿತೆಯು ಸ್ಟೋರ್ ರೂಮನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತದೆ ಎಂಬುದು ತಿಳಿಯಬೇಕಾದ ಸಂಗತಿ. ಸುಟ್ಟುಹೋಗುವ ಸಾಮಾನು ತುಂಬಿದ, 50 ಚದರ ಅಡಿಗಿಂತ ದೊಡ್ಡದಾದ ಉಗ್ರಾಣವನ್ನು ಅದು 'ಅಪಾಯಕಾರಿ ಸ್ಥಳ' ಎಂದು ಕರೆಯುತ್ತದೆ. 50 ಚದರ ಅಡಿ ಎಂದರೆ ಉದ್ದ ಏಳಡಿ, ಅಗಲ ಏಳಡಿ, ನಮ್ಮ ಮನೆಗಳ ಬಚ್ಚಲಿನಷ್ಟು. ಹೊಸ ಕಟ್ಟಡದಲ್ಲಿ ಅದು 100 ಚದರ ಅಡಿ ದಾಟಿದರೆ ಒಂದು ತಾಸು ಬೆಂಕಿ ತಡೆಯುವ ಗೋಡೆ ಬೇಕು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತಿರಬೇಕು. ಚಾವಣಿಯಲ್ಲಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ಅದರ ಕೆಳಗೆ 18 ಇಂಚು ಖಾಲಿ ಬಿಟ್ಟೇ ಸಾಮಾನು ಪೇರಿಸಬೇಕು. ಇಲ್ಲವಾದರೆ ನೀರು ಡಬ್ಬಿಯ ನೆತ್ತಿಗೆ ಬಿದ್ದು ಅಲ್ಲೇ ನಿಲ್ಲುತ್ತದೆ.

ಈ ನಿಯಮಗಳನ್ನು ಓದುವಾಗ ಇದೇನು ಇಂಚು ಅಳೆಯುವ ಕೆಲಸ ಎನ್ನಿಸಬಹುದು. ಆದರೆ ಇಂಥ ನಿಯಮಗಳ ಹಿಂದೆ ಗೋರಿಗಳಿವೆ. 2003ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಮತ್ತು ನ್ಯಾಶ್‌ವಿಲ್ ಊರುಗಳ ಎರಡು ನರ್ಸಿಂಗ್ ಹೋಮ್‌ಗಳಲ್ಲಿ ಒಟ್ಟು 31 ವೃದ್ಧರು ಬೆಂಕಿಗೆ ಬಲಿಯಾದರು. ದೇಶದ ಎಲ್ಲ ನರ್ಸಿಂಗ್ ಹೋಮ್‌ಗಳಲ್ಲೂ ಸ್ಪ್ರಿಂಕ್ಲರ್ ಇರಲೇಬೇಕೆಂಬ ಗಡುವು ಬಂದದ್ದು 2013ರ ಆಗಸ್ಟ್ 13ಕ್ಕೆ. ಶ್ರೀಮಂತ ದೇಶಕ್ಕೂ ಹತ್ತು ವರ್ಷ ಹಿಡಿಯಿತು.

ಕಾನೂನಿನ ಎರಡು ತಕ್ಕಡಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬೆಂಕಿ ಬೀಳದಿದ್ದರೆ ತಪ್ಪಿಲ್ಲವೇ?

ಕಾನೂನು ಈ ವಿಷಯದಲ್ಲಿ ಎರಡು ತಕ್ಕಡಿ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನ ಪ್ರಕಾರ, ಬೆಂಕಿ ಅಥವಾ ಸುಡುವ ವಸ್ತುಗಳ ವಿಷಯದಲ್ಲಿ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯ ತೋರಿದವನಿಗೆ ಹೆಚ್ಚೆಂದರೆ ಆರು ತಿಂಗಳ ಸೆರೆ ಅಥವಾ ಎರಡು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಅದೇ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆ. ಇಬ್ಬರು ಮಾಲೀಕರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಒಂದೇ ಬಗೆಯ ಸ್ಟೋರ್ ರೂಮು ಇಟ್ಟಿದ್ದಾರೆ, ಇಬ್ಬರೂ ಒಂದೇ ಬಗೆಯ ಹಳೆಯ ವೈರು ಬಿಟ್ಟಿದ್ದಾರೆ. ಒಬ್ಬನ ವೈರಿನಲ್ಲಿ ಕಿಡಿ ಹಾರಿತು, ಇನ್ನೊಬ್ಬನದರಲ್ಲಿ ಹಾರಲಿಲ್ಲ. ಮೊದಲನೆಯವನು ಅಪರಾಧಿ, ಎರಡನೆಯವನು ಊರಿನ ಗಣ್ಯ. ಇವರಿಬ್ಬರ ನಡುವಿನ ವ್ಯತ್ಯಾಸ ಇವರ ನಡತೆಯಲ್ಲಿಲ್ಲ, ವೈರಿನಲ್ಲಿದೆ.

ಕಾನೂನಿಗೆ ಇದು ಅನಿವಾರ್ಯವಿರಬಹುದು. ಸತ್ತವರ ಮನೆಯವರ ಕಣ್ಣೀರಿಗೆ ಅದು ಉತ್ತರ ಕೊಡಬೇಕು. ಆದರೆ ಆತ್ಮಸಾಕ್ಷಿ ಕೋರ್ಟಿನ ತಕ್ಕಡಿಯನ್ನೇ ಎರವಲು ತರಬೇಕಿಲ್ಲ. ಆತ್ಮಸಾಕ್ಷಿ ಕೇಳಬೇಕಾದುದು 'ಏನಾಯಿತು' ಎಂದಲ್ಲ, 'ನಾನು ಏನು ಮಾಡಿದ್ದೆ, ಏನನ್ನು ಮಾಡದೆ ಬಿಟ್ಟಿದ್ದೆ' ಎಂದು. ಹಾಗೆ ಕೇಳಿದರೆ ಇಬ್ಬರು ಮಾಲೀಕರ ತಪ್ಪಿನ ತೂಕ ಒಂದೇ. ಎರಡನೆಯವನು ಮಾಡಿದ ಸಾಲ ಇನ್ನೂ ವಸೂಲಿಗೆ ಬಂದಿಲ್ಲ, ಅಷ್ಟೆ.

ನಮ್ಮ ಭಾಗದ ಜನಕ್ಕೆ ಬೆಂಕಿಯ ಅರಿವಿಲ್ಲವೆಂದು ಯಾರೂ ಹೇಳಲಾರರು. ನಿಪ್ಪಾಣಿಯ ತಂಬಾಕಿನ ವಖಾರಿಗಳನ್ನು ನೋಡಿ. ಒಣ ತಂಬಾಕಿನ ಚೀಲಗಳ ನಡುವೆ ಬೆಂಕಿಕಡ್ಡಿ ಗೀರುವವನನ್ನು ಯಾವ ಮಾಲೀಕನೂ ಸಹಿಸುವುದಿಲ್ಲ. ಅಥಣಿ, ರಾಯಬಾಗದ ರೈತ ಬಣವಿಯನ್ನು ಒಟ್ಟುವಾಗ ಒಲೆಯಿಂದ ದೂರವನ್ನು ಕಣ್ಣಳತೆಯಲ್ಲೇ ನೋಡಿಕೊಳ್ಳುತ್ತಾನೆ. ಕಬ್ಬಿನ ರವದಿಗೆ ಬೆಂಕಿ ಹಚ್ಚುವವನು ಗಾಳಿಯ ದಿಕ್ಕು ನೋಡುತ್ತಾನೆ. ಇದನ್ನೆಲ್ಲ ಯಾವ ಸಂಹಿತೆಯೂ ಕಲಿಸಲಿಲ್ಲ. ಹಾಗಿದ್ದರೆ ಅದೇ ಜನ ಆಸ್ಪತ್ರೆ ಕಟ್ಟಿದಾಗ ಈ ಅರಿವು ಎಲ್ಲಿಗೆ ಹೋಯಿತು? ನನಗೆ ತೋಚುವ ಉತ್ತರ ಕಹಿಯಾದದ್ದು. ವಖಾರಿಯಲ್ಲಿರುವುದು ತನ್ನ ಮಾಲು, ಬಣವಿ ತನ್ನ ದನದ ಮೇವು. ಆಸ್ಪತ್ರೆಯ ಸ್ಟೋರ್ ರೂಮಿನ ಮೇಲಿನ ಮಹಡಿಯಲ್ಲಿ ಮಲಗಿರುವುದು ಪರರ ಜೀವ. ಬಣವಿಗೆ ಬೆಂಕಿ ಹಚ್ಚಿ ಅರಳು ಆರಿಸಿ ತಿಂದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಒಂದು ಕೋಣೆಯ ಬಾಡಿಗೆ ಉಳಿಸಲು ಮೆಟ್ಟಿಲ ಕೆಳಗೆ ಗಾದಿ, ಸಿಲಿಂಡರು ತುಂಬುವವನು ಆರಿಸುತ್ತಿರುವುದೂ ಅದೇ ಅರಳನ್ನು.

ಹಣೆಬರಹ ಎನ್ನುವ ಮಾತು

ಇಂಥ ದುರಂತವಾದಾಗ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಕನ್ನಡದಲ್ಲಿ 'ಹಣೆಬರಹ', ಉರ್ದುವಿನಲ್ಲಿ 'ತಕ್ದೀರ್'. ಕಳೆದುಕೊಂಡವರು ಸಮಾಧಾನಕ್ಕೆ ಈ ಮಾತನ್ನಾಡಿದರೆ ಅದಕ್ಕೆ ತಲೆಬಾಗಬೇಕು. ಸ್ಟೋರ್ ರೂಮಿನ ಬೀಗದ ಕೈ ಇಟ್ಟುಕೊಂಡವನು ಆಡಿದರೆ ಅದು ಪಲಾಯನ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಒಳಗಿದ್ದವರ ಸಮೇತ ಸುಟ್ಟುಹೋದ ಸುದ್ದಿ ಪ್ರವಾದಿಯವರಿಗೆ (ಸ) ಬಂದಾಗ, ಅವರು ಅದನ್ನು ವಿಧಿಯೆಂದು ಹೇಳಿ ಸುಮ್ಮನಾಗಲಿಲ್ಲ. ಮಲಗುವ ಮುನ್ನ ಮನೆಯ ಬೆಂಕಿಯನ್ನು ನಂದಿಸಬೇಕೆಂದು ಜನರಿಗೆ ತಿಳಿಹೇಳಿದರೆಂದು ಹದೀಸ್ ಗ್ರಂಥಗಳಲ್ಲಿದೆ. ತಕ್ದೀರನ್ನು ನಂಬುವುದಕ್ಕೂ ದೀಪ ಆರಿಸಿ ಮಲಗುವುದಕ್ಕೂ ಅವರು ವಿರೋಧ ಕಾಣಲಿಲ್ಲ.

ಉದ್ದೇಶ ಕೆಟ್ಟದ್ದಿರಲಿಲ್ಲ ಎಂಬ ಸಮಜಾಯಿಷಿಗೂ ಒಂದು ಮಿತಿಯಿದೆ. ಇಸ್ಲಾಮೀ ನ್ಯಾಯಶಾಸ್ತ್ರವು ಬೇಕೆಂದೇ ಮಾಡಿದ ಕೊಲೆಯನ್ನೂ ಅರಿಯದೆ ಸಂಭವಿಸಿದ ಸಾವನ್ನೂ ಒಂದೇ ಎನ್ನುವುದಿಲ್ಲ. ಆದರೂ ಎರಡನೆಯದಕ್ಕೂ ಸತ್ತವನ ಮನೆಯವರಿಗೆ ಪರಿಹಾರ ಕೊಡಬೇಕು, ದೇವರ ಮುಂದೆ ಪ್ರಾಯಶ್ಚಿತ್ತವನ್ನೂ ಮಾಡಿಕೊಳ್ಳಬೇಕು ಎನ್ನುತ್ತದೆ. ಅರಿಯದೆ ಆದದ್ದಕ್ಕೇ ಇಷ್ಟು. ಹೀಗಿರುವಾಗ ಎಚ್ಚರಿಕೆಯ ನೋಟಿಸು ಕೈಯಲ್ಲಿದ್ದೂ ಸುಮ್ಮನಿದ್ದವನನ್ನು ಏನೆನ್ನಬೇಕು?

ಡಾಕ್ಟರರ ಪ್ರಶ್ನೆ

ಈ ವಿಷಯವನ್ನು ಮಾತಾಡುವಾಗ ನಮ್ಮ ಭಾಗದ ವೈದ್ಯ ಮಿತ್ರರೊಬ್ಬರು ಸಿಟ್ಟಿನಿಂದಲೇ ಹೇಳಿದರು: "ಸಾಹೇಬ್ರ, ಪುಸ್ತಕದಾಗಿನ ನಿಯಮ ಎಲ್ಲಾ ಪಾಲಿಸಿದ್ರ ನಾ ದವಾಖಾನಿ ಮುಚ್ಚಬೇಕಾಗ್ತದ. ಆಮ್ಯಾಲ ರಾತ್ರಿ ಎರಡು ಗಂಟೇಕ ಬ್ಯಾನಿ ತಿನ್ಕೋತ ಬರೂ ಹೆಣ್ಣಮಗಳು ಎಲ್ಲಿ ಹೋಗಬೇಕ್ರಿ?"

ಈ ಪ್ರಶ್ನೆಯನ್ನು ನೆಪವೆಂದು ತಳ್ಳಿಹಾಕಲಾಗದು. ಕಾಗವಾಡದವರಿಗೆ ಮಿರಜ ಅರ್ಧ ತಾಸಿನ ದಾರಿ, ನಿಪ್ಪಾಣಿಯವರಿಗೆ ಕೊಲ್ಹಾಪುರ ಒಂದು ತಾಸು. ಚಿಕ್ಕೋಡಿಯಿಂದ ಬೆಳಗಾವಿ ಎಪ್ಪತ್ತು ಎಂಬತ್ತು ಕಿಲೋಮೀಟರ್. ಒಳಗಿನ ಹಳ್ಳಿಯವರಿಗೆ ಇದೂ ದೂರ. ಊರಿನ ನರ್ಸಿಂಗ್ ಹೋಮ್ ಮುಚ್ಚಿದರೆ ಬೆಂಕಿಯಿಂದ ಯಾರೂ ಸಾಯದಿರಬಹುದು, ದಾರಿಯಲ್ಲಿ ಸಾಯುವವರು ಇದ್ದೇ ಇರುತ್ತಾರೆ. ಅವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಆದರೆ ಡಾಕ್ಟರರ ವಾದ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಸ್ಪ್ರಿಂಕ್ಲರ್, ದೊಡ್ಡ ನೀರಿನ ಟಾಕಿ, ಎರಡನೆಯ ಮೆಟ್ಟಿಲು, ಇಳಿಜಾರು ದಾರಿ, ಇವಕ್ಕೆ ಹಣ ಬೇಕು, ಜಾಗ ಬೇಕು, ಸಮಯ ಬೇಕು. ಇವುಗಳಿಗಾಗಿ ಸರಕಾರ ಕಡಿಮೆ ಬಡ್ಡಿಯ ಸಾಲ ಕೊಡಲಿ, ಹಂತ ಹಂತವಾಗಿ ಗಡುವು ಹಾಕಲಿ. ಆದರೆ ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಲು ಎಷ್ಟು ಖರ್ಚು? ಹರಿದ ಗಾದಿ, ಹಳೆಯ ಕಾಗದವನ್ನು ರದ್ದಿಯವನಿಗೆ ಕೊಟ್ಟರೆ ನಾಲ್ಕು ದುಡ್ಡು ಬರುತ್ತದೆ. ಸ್ಪಿರಿಟ್ಟನ್ನೂ ಆಕ್ಸಿಜನ್ನನ್ನೂ ಬೇರೆ ಬೇರೆ ಕಡೆ ಇಡಲು, ಡೀಸೆಲನ್ನು ಕಟ್ಟಡದ ಹೊರಗಿಡಲು, ಹಿಂದಿನ ಬಾಗಿಲಿನ ಬೀಗ ತೆಗೆಯಲು ಖರ್ಚಿಲ್ಲ. ಹಳೆಯ ವೈರು ಬದಲಿಸಲು, ಸ್ಟೋರ್ ರೂಮಿಗೆ ತಾನಾಗಿ ಮುಚ್ಚುವ ಗಟ್ಟಿ ಬಾಗಿಲು ಕೂರಿಸಲು, ಒಂದು ಹೊಗೆ ಪತ್ತೆಹಚ್ಚುವ ಯಂತ್ರ ಹಾಕಲು ಆಗುವ ಖರ್ಚು ಸ್ವಾಗತ ಕೋಣೆಯ ಸೋಫಾಗಳಿಗಿಂತ ಹೆಚ್ಚಾಗಲಾರದು. ಹಾಗೆ ಬಾಗಿಲು ಕೂರಿಸಿದ ಮೇಲೆ, ಹೋಗಿಬರಲು ಅಡಚಣೆಯೆಂದು ಅದಕ್ಕೆ ಇಟ್ಟಂಗಿ ಅಡ್ಡ ಇಡದಿರುವುದು ಮುಖ್ಯ. ಈ ಕೆಲಸಗಳನ್ನು ಮಾಡದಿರುವುದಕ್ಕೆ ಬಡತನ ಕಾರಣವಲ್ಲ. ಎರಡು ಗಂಟೆಗೆ ಬಂದ ಹೆಣ್ಣುಮಗಳ ಹೆಸರು ಹೇಳಿ ಮೆಟ್ಟಿಲ ಕೆಳಗಿನ ಗಾದಿಯನ್ನು ಸಮರ್ಥಿಸಲಾಗದು. ಆಕೆ ಮಲಗುವುದೂ ಅದೇ ಮೆಟ್ಟಿಲ ಮೇಲಿನ ವಾರ್ಡಿನಲ್ಲೇ.

ಇನ್ನು ಅಗ್ನಿಶಾಮಕ ವಾಹನ ಬರುತ್ತದಲ್ಲ ಎಂಬ ಭರವಸೆ. ಕಬ್ಬು ನುರಿಸುವ ದಿನಗಳಲ್ಲಿ ನಮ್ಮ ರಸ್ತೆಗಳ ಪರಿಸ್ಥಿತಿ ಎಲ್ಲರಿಗೂ ಗೊತ್ತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ದಾಟಿ ಗಾಡಿ ಬರುವಷ್ಟರಲ್ಲಿ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ. ಕೃಷ್ಣೆ ಏರಿ ಬರುವ ಮುನ್ನ ಕೊಯ್ನಾದಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿಯಾದರೂ ಬರುತ್ತದೆ. 2005ರಲ್ಲಿ, 2019ರಲ್ಲಿ ಆ ಸುದ್ದಿ ಹಿಡಿದೇ ಎಷ್ಟೋ ಜನ ದನಕರು ಬಿಚ್ಚಿಕೊಂಡು ಗುಡ್ಡ ಸೇರಿದರು. ಬೆಂಕಿ ಯಾರಿಗೂ ಮುಂಚಿತವಾಗಿ ಹೇಳಿಕಳಿಸುವುದಿಲ್ಲ.

ಯಾರ ಹೊಣೆ?

ಕಾನೂನು ಇಲ್ಲವೆಂದಲ್ಲ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಿಂದ ಇದೆ. ಗಡಿಯಾಚೆ ಮಹಾರಾಷ್ಟ್ರದ 2006ರ ಅಗ್ನಿ ಕಾಯಿದೆಯಡಿ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಉಪಕರಣಗಳು ಸರಿಯಿವೆಯೆಂಬ ಪ್ರಮಾಣಪತ್ರ ಒಪ್ಪಿಸಬೇಕು. ರಾಜಕೋಟೆಯ ಆಸ್ಪತ್ರೆಯ ಬೆಂಕಿಯ ನಂತರ 2020ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಕೋವಿಡ್ ಆಸ್ಪತ್ರೆಗಳ ಅಗ್ನಿಸುರಕ್ಷತೆಯನ್ನು ತಪಾಸಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ಇಪ್ಪತ್ತೆರಡನೆಯ ದಿನಕ್ಕೆ ಭಂಡಾರಾದ ಕೂಸುಗಳು ಸತ್ತವು. ಕಾಗದವು ಕಾಗದಕ್ಕೆ ಉತ್ತರ ಕೊಡುತ್ತದೆ, ಕೋಣೆ ಹಾಗೆಯೇ ಇರುತ್ತದೆ.

ಆ ಕೋಣೆಯ ನಿಜಸ್ಥಿತಿ ಅಧಿಕಾರಿಗಿಂತ ಮೊದಲು ಗೊತ್ತಿರುವುದು ದಿನವೂ ಅದರೊಳಗೆ ಹೋಗಿಬರುವ ಆಯಾಗೆ, ವಾರ್ಡ್ ಬಾಯ್‌ಗೆ, ನರ್ಸಿಗೆ. ಬಲ್ಬಿನ ಹೋಲ್ಡರು ಬಿಸಿಯಾಗುವುದನ್ನು, ವೈರಿನ ಸುಟ್ಟ ವಾಸನೆಯನ್ನು ಮೊದಲು ತಿಳಿಯುವವರು ಅವರು. ಹೇಳಿದರೆ ಕೆಲಸ ಹೋದೀತೆಂಬ ಅಂಜಿಕೆಯಿಂದ ಸುಮ್ಮನಿರುವವರೂ ಅವರೇ. ಬೆಂಕಿ ಬಿದ್ದಾಗ ಕೊನೆಯವರೆಗೆ ಒಳಗೆ ಉಳಿಯುವವರೂ ಅವರೇ ಎಂಬುದನ್ನು ಕೋಲ್ಕತ್ತದ ಆ ಇಬ್ಬರು ನರ್ಸುಗಳು ತೋರಿಸಿಕೊಟ್ಟಿದ್ದಾರೆ. ಆಯಾಳ ಮಾತನ್ನು ಮಾಲೀಕ ಕೇಳುವ ಆಸ್ಪತ್ರೆ, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ ಆಸ್ಪತ್ರೆಗಿಂತ ಹೆಚ್ಚು ಸುರಕ್ಷಿತ.

ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನನ್ನಂಥವರನ್ನು ಒಂದು ಶಬ್ದ ಆಗಾಗ ಕಾಡುತ್ತದೆ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಕೇಳಿದಾಗ ಇದ್ದಂತೆಯೇ ಹಿಂದಿರುಗಿಸಬೇಕಾದದ್ದು. ಅದೇ ಶಬ್ದ ಕನ್ನಡಕ್ಕೆ ಬಂದು 'ಅಮಾನತು' ಆಗಿ, ನೌಕರಿಯಿಂದ ತಾತ್ಕಾಲಿಕವಾಗಿ ಕೆಳಗಿಳಿಸುವುದು ಎಂಬ ಅರ್ಥ ಪಡೆದಿದೆ. ಪ್ರತಿ ಬೆಂಕಿಯ ಮರುದಿನ ನಮ್ಮ ಪತ್ರಿಕೆಗಳಲ್ಲಿ ಈ ಎರಡನೆಯ ಶಬ್ದ ದಪ್ಪಕ್ಷರದಲ್ಲಿ ಬರುತ್ತದೆ. ಹಿಂದಿನ ದಿನದವರೆಗೆ ಮೊದಲನೆಯ ಶಬ್ದದ ನೆನಪು ಯಾರಿಗಾದರೂ ಇದ್ದಿದ್ದರೆ ಎರಡನೆಯದರ ಅಗತ್ಯ ಬೀಳುತ್ತಿರಲಿಲ್ಲ. ಹೆಂಡತಿಯನ್ನು ಹೆರಿಗೆಗೆ ಸೇರಿಸಿ, ಸಹಿ ಹಾಕಿ, ಹೊರಗಿನ ಬೆಂಚಿನ ಮೇಲೆ ಕೂತ ಗಂಡ ಎರಡು ಜೀವಗಳನ್ನು ಅಮಾನತ್ ಇಟ್ಟಿರುತ್ತಾನೆ. ಅವನು ಆಸ್ಪತ್ರೆಯ ಗೋಡೆ, ಬಾಗಿಲು, ವೈರು ನೋಡಿ ಬಂದವನಲ್ಲ, ಡಾಕ್ಟರರ ಮುಖ ನೋಡಿ ಬಂದವನು.

ಆದ್ದರಿಂದ ಇದನ್ನು ಓದುವ ವೈದ್ಯರಲ್ಲಿ, ಕಟ್ಟಡದ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ. ತಪಾಸಣೆಗೆ ಯಾರಾದರೂ ಬರಲಿ ಎಂದು ಕಾಯಬೇಡಿ. ಸ್ಟೋರ್ ರೂಮಿನ ಬೀಗವನ್ನು ನೀವೇ ತೆಗೆದು, ಆಯಾಳನ್ನೋ ವಾರ್ಡ್ ಬಾಯ್‌ನನ್ನೋ ಪಕ್ಕಕ್ಕೆ ಕರೆದು, ಇಲ್ಲಿ ನಿನಗೆ ಯಾವುದರ ಅಂಜಿಕೆ ಎಂದು ಕೇಳಿ. ರೋಗಿಗಳ ಕಡೆಯವರೂ ಫೀಸು ಎಷ್ಟು ಎಂದು ಕೇಳುವಾಗಲೇ, ಬೆಂಕಿ ಬಿದ್ದರೆ ನಮ್ಮವರನ್ನು ಯಾವ ದಾರಿಯಿಂದ ಹೊರಗೆ ತರುತ್ತೀರಿ ಎಂದು ಕೇಳಲಿ. ಉತ್ತರ ಬಾರದಿದ್ದರೆ ಆ ಮೌನವೂ ಒಂದು ಮಾಹಿತಿಯೇ. ಬೆಂಕಿ ಬೀಳದ ಇಪ್ಪತ್ತು ವರ್ಷಗಳು ದೇವರು ನಮಗೆ ಕೊಟ್ಟ ಸಮಯ. ಅದನ್ನು ನಮ್ಮ ನಿರಪರಾಧಿತ್ವದ ಪುರಾವೆಯೆಂದು ಯಾರ ಮುಂದೆಯೂ ಹಿಡಿಯಲು ಬರುವುದಿಲ್ಲ.